ಹೆಸರು ಮುಚ್ಚಿ ಕೇಳುವುದು
(ದತ್ತಿ ಉಪನ್ಯಾಸದ ಲಿಖಿತ ರೂಪ)



2007ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ 'ಗ್ರಾಮಫೋನ್' ಪತ್ರಿಕೆ ಒಂದು ವಂಚನೆಯನ್ನು ಬಯಲಿಗೆಳೆಯಿತು. ಅದಕ್ಕೆ ಕೆಲವು ತಿಂಗಳ ಹಿಂದೆಯಷ್ಟೇ ಜಾಯ್ಸ್ ಹ್ಯಾಟೊ ಎಂಬ ಪಿಯಾನೊ ವಾದಕಿ ತೀರಿಕೊಂಡಿದ್ದರು. ಕಾಯಿಲೆಯ ಕಾರಣ ಹೇಳಿ ದಶಕಗಳಿಂದ ವೇದಿಕೆ ಏರದಿದ್ದ ಆಕೆಯ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಿ.ಡಿ.ಗಳು ಹೊರಬಂದಿದ್ದವು. ವಿಮರ್ಶಕರು ಅವನ್ನು ಕೊಂಡಾಡಿದ್ದರು. ಕೇಳುಗರೊಬ್ಬರು ಆಕೆಯ ಹೆಸರಿನಲ್ಲಿದ್ದ, ಲಿಸ್ಟ್ ರಚಿಸಿದ ಎತ್ಯೂಡ್‌ಗಳೆಂಬ ಪಿಯಾನೊ ಕೃತಿಗಳ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದಾಗ ಪರದೆಯ ಮೇಲೆ ಮೂಡಿದ್ದು ಲಾಸ್ಲೊ ಸಿಮೋನ್ ಎಂಬ ಬೇರೊಬ್ಬ ವಾದಕರ ಹೆಸರು. ಧ್ವನಿಯ ಅಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ. ಹುಡುಕುತ್ತ ಹೋದಂತೆ ಒಂದೊಂದು ಡಿಸ್ಕಿನ ಹಿಂದೆಯೂ ಒಬ್ಬೊಬ್ಬ ನಿಜವಾದ ವಾದಕರು ಸಿಕ್ಕರು. ಕೆಲವೆಡೆ ಗುರುತು ಸಿಗದಿರಲೆಂದು ವೇಗವನ್ನು ತುಸು ಬದಲಿಸಲಾಗಿತ್ತು. ಮುದ್ರಿಕೆಗಳನ್ನು ಹೊರತರುತ್ತಿದ್ದ ಆಕೆಯ ಪತಿ ಕೊನೆಗೆ ಒಪ್ಪಿಕೊಂಡರು.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ. ಯೆಫಿಮ್ ಬ್ರಾನ್ಫ್‌ಮನ್ ನುಡಿಸಿದ ರಾಖ್ಮನಿನೋವ್‌ನ ಮೂರನೆಯ ಪಿಯಾನೊ ಕನ್ಚೆರ್ಟೊ ಅವರದೇ ಹೆಸರಿನಲ್ಲಿ ಬಂದಾಗ ಸಿಕ್ಕಿದ್ದು ಅರೆಮನಸ್ಸಿನ ಮೆಚ್ಚುಗೆ. ಅದೇ ವಾದನ ಹ್ಯಾಟೊ ಹೆಸರಿನಲ್ಲಿ ಬಂದಾಗ ಹೊಗಳಿಕೆಗೆ ಮಿತಿಯಿರಲಿಲ್ಲ. ಬೆರಳು ಅವೇ, ಸ್ವರ ಅವೇ. ಬದಲಾದದ್ದು ಡಬ್ಬಿಯ ಮೇಲಿನ ಹೆಸರು, ಆ ಹೆಸರಿನ ಹಿಂದಿದ್ದ ಕರುಣಾಜನಕ ಕಥೆ. ಹಾಗಾದರೆ ಒಂದು ಮುದ್ರಿಕೆಯ ಗುಣವನ್ನು ನಾವು ತೀರ್ಮಾನಿಸುವುದು ಯಾವುದರಿಂದ? ಇವತ್ತು ನಾನು ಎತ್ತಿಕೊಂಡಿರುವ ವಿಷಯ ಇದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಮತ್ತು ಒಪೆರಾಗಳಿಗೆ ಸೀಮಿತವಾಗಿ ಮಾತಾಡುತ್ತೇನೆ. ನಾನು ನಂಬಿಕೊಂಡು ಬಂದಿರುವ ದಾರಿ ಒಂದೇ: ಒಂದೇ ಕೃತಿಯ, ಅದರಲ್ಲೂ ಒಂದೇ ಪುಟ್ಟ ಭಾಗದ, ಎರಡು ಮೂರು ಮುದ್ರಿಕೆಗಳನ್ನು ಒಂದರ ಹಿಂದೆ ಒಂದು ಕೇಳುವುದು. ಬಿರುದು, ಬಹುಮಾನ, ಧ್ವನಿಯ ಹೊಳಪು ಎಲ್ಲಕ್ಕೂ ಆಮೇಲೆ ಜಾಗ.

ಇದು ನಮಗೆ ಹೊಸ ಅಭ್ಯಾಸವೇನಲ್ಲ. ಒಂದೇ ಕೃತಿಯನ್ನು ಇಬ್ಬರು ವಿದ್ವಾಂಸರು ಹಾಡಿದರೆ ಯಾರ ಪಾಠಾಂತರ ಏನು, ಯಾರು ಕಾಲಪ್ರಮಾಣ ಬಿಗಿಯಾಗಿ ಹಿಡಿದರು, ಯಾರು ಸಾಹಿತ್ಯವನ್ನು ಒಡೆದು ನುಂಗಿದರು ಎಂದು ಕಛೇರಿ ಮುಗಿಸಿ ಬರುವ ದಾರಿಯಲ್ಲೇ ಚರ್ಚೆ ಶುರುವಾಗುತ್ತದೆ. ಪಾಶ್ಚಾತ್ಯ ಸಂಗೀತದ ವಿಷಯಕ್ಕೆ ಬಂದರೆ ಮಾತ್ರ ನಮ್ಮವರು ಕೇಳುತ್ತಾರೆ: ಎಲ್ಲ ಸ್ವರವನ್ನೂ ಬರೆದೇ ಇಟ್ಟ ಮೇಲೆ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಎಲ್ಲಿಂದ ಬರಬೇಕು? ಬರಹ ಹೇಳದೆ ಬಿಟ್ಟದ್ದರಿಂದ ಬರುತ್ತದೆ. ಮೆಲ್ಲಗೆ ಎಂದು ಬರೆದಿರುತ್ತದೆ, ಎಷ್ಟು ಮೆಲ್ಲಗೆ ಎಂದಿರುವುದಿಲ್ಲ. ಉಸಿರು ಎಲ್ಲಿ ತೆಗೆಯಬೇಕು, ಒಂದು ಸ್ವರದಿಂದ ಮುಂದಿನದಕ್ಕೆ ಜಾರಬೇಕೋ ಕಾಲಿಟ್ಟು ನಡೆಯಬೇಕೋ, ಕೊಳಲಿಗಿಂತ ಪಿಟೀಲು ಮುಂದಿರಬೇಕೋ ಹಿಂದೋ ಎಂಬುದೆಲ್ಲ ಹಾಡುವವರ, ನುಡಿಸುವವರ, ವಾದ್ಯವೃಂದದ ನಿರ್ದೇಶಕರ ನಿರ್ಧಾರ. ಗುಣ ಇರುವುದು ಈ ಸಣ್ಣ ಸಣ್ಣ ನಿರ್ಧಾರಗಳಲ್ಲಿ.

ಮುದ್ರಿಕೆ ಎಂದ ಮೇಲೆ ಇನ್ನೊಂದು ಕೈ ಸೇರುತ್ತದೆ, ಯಂತ್ರದ ಮುಂದೆ ಕೂತವರದು. 1902ರ ಏಪ್ರಿಲ್‌ನಲ್ಲಿ ಧ್ವನಿಮುದ್ರಣಕಾರ ಫ್ರೆಡ್ ಗೈಸ್‌ಬರ್ಗ್ ಮಿಲಾನಿನ ಹೋಟೆಲ್ ಕೋಣೆಯೊಂದರಲ್ಲಿ ಒಪೆರಾ ಗಾಯಕ ಎನ್ರಿಕೊ ಕರೂಸೊ ಅವರಿಂದ ಒಂದೇ ದಿನ ಹತ್ತು ಹಾಡು ಹಾಡಿಸಿಕೊಂಡರು, ನೂರು ಪೌಂಡು ಕೊಟ್ಟು. ಅದೇ ವರ್ಷದ ನವೆಂಬರಿನಲ್ಲಿ ಅದೇ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರನ್ನು ಮುದ್ರಿಸಿದರು. ಪ್ಲೇಟಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಆ ಗೌಹರ್ ಜಾನ್ ಮುಂದೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಇಲ್ಲೇ ಕಣ್ಮುಚ್ಚಿದರು. 1902ರಲ್ಲಿ ಮೈಕ್ ಇರಲಿಲ್ಲ. ದೊಡ್ಡ ಕೊಂಬಿನ ಬಾಯಿಗೆ ಹಾಡಬೇಕು, ಆ ಕಂಪನವೇ ಮೇಣದ ತಟ್ಟೆಯನ್ನು ಕೊರೆಯಬೇಕು. ಗಂಡು ಕಂಠ ಅದಕ್ಕೆ ಒಗ್ಗುತ್ತಿತ್ತು. ಸೊಪ್ರಾನೊ ಕಂಠದ ಮೇಲಿನ ಅನುರಣನಗಳು, ಪಿಟೀಲಿನ ಮೃದುತ್ವ, ದೊಡ್ಡ ವಾದ್ಯವೃಂದದ ತುಂಬುತನ ಯಾವುದೂ ಅದರಲ್ಲಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಆ ಕಾಲದ ಪ್ಲೇಟುಗಳಲ್ಲಿ ವಾದ್ಯವೃಂದವನ್ನು ತೂಗಲು ಹೋಗಬಾರದು. ಉಸಿರಿನ ಹಿಡಿತ, ಸ್ವರದ ಎತ್ತುಗಡೆ, ಮಾತಿನ ಸ್ಪಷ್ಟತೆ ಇವನ್ನು ತೂಗಬಹುದು. ವೇಗದ ಬಗ್ಗೆಯೂ ಎಚ್ಚರ ಬೇಕು. ಆಗಿನ ಪ್ಲೇಟುಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತು ತಿರುಗುತ್ತಿರಲಿಲ್ಲ. ಸುಮಾರು ನೂರಕ್ಕೆ ಆರರಷ್ಟು ವೇಗ ಹೆಚ್ಚಿದರೆ ಸಾಕು, ಶ್ರುತಿ ಅರ್ಧ ಸ್ವರ ಮೇಲೇರಿ ಗಾಯಕರ ಕಂಠ ತೆಳುವಾಗಿ ಕೇಳುತ್ತದೆ. ಹಳಬರ ಕಂಠ ಕಿರಿಚುವಂತಿದೆ ಎನ್ನುವವರು ಎಷ್ಟೋ ಸಲ ಕೇಳಿರುವುದು ತಪ್ಪು ವೇಗದಲ್ಲಿ ತಿರುಗಿದ ಪ್ಲೇಟನ್ನು.

1925ರಲ್ಲಿ ಮೈಕ್ ಬಂತು, 1948ರಲ್ಲಿ ಎಲ್.ಪಿ., ಅದೇ ಸುಮಾರಿಗೆ ಟೇಪು. ಕತ್ತರಿಸಿ ಅಂಟಿಸುವುದು ಟೇಪಿನೊಂದಿಗೆ ಸುಲಭವಾಯಿತು. ಒಪೆರಾ ಮುದ್ರಿಕೆ ಎಂಬುದು ರಂಗಪ್ರದರ್ಶನದ ನೆರಳಾಗಿ ಉಳಿಯದೆ ತಾನೇ ಒಂದು ಕಲಾಕೃತಿಯಾದದ್ದು ಇಲ್ಲಿಂದ ಮುಂದೆ.

ಇದಕ್ಕೆ ನಾನು ಮೊದಲು ಮುಂದಿಡುವ ಉದಾಹರಣೆ ಪುಚ್ಚೀನಿಯ 'ಟೋಸ್ಕಾ', 1953ರ ಆಗಸ್ಟಿನಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಮುದ್ರಿತವಾದದ್ದು. ಟೋಸ್ಕಾ ಆಗಿ ಮರಿಯಾ ಕಾಲಾಸ್, ಅವಳ ಪ್ರಿಯಕರನಾಗಿ ಜುಸೆಪ್ಪೆ ದಿ ಸ್ತೆಫಾನೊ, ರೋಮಿನ ಕ್ರೂರ ಪೊಲೀಸ್ ಅಧಿಕಾರಿ ಸ್ಕಾರ್ಪಿಯಾ ಆಗಿ ತೀತೊ ಗೊಬ್ಬಿ. ನಿರ್ದೇಶಕರು ವಿಕ್ಟರ್ ದೆ ಸಬಾತಾ, ನಿರ್ಮಾಪಕರು ವಾಲ್ಟರ್ ಲೆಗ್. ಎರಡನೆಯ ಅಂಕದ ಕೊನೆ. ತನ್ನ ಮೇಲೆ ಕೈಮಾಡಲು ಬಂದ ಸ್ಕಾರ್ಪಿಯಾನನ್ನು ಟೋಸ್ಕಾ ಇರಿದು ಕೊಂದಿದ್ದಾಳೆ. ಹೆಣದ ಮುಂದೆ ನಿಂತು ಒಂದು ಸಾಲು ಹೇಳುತ್ತಾಳೆ: ಇಡೀ ರೋಮ್ ಹೆದರಿದ್ದ ಮನುಷ್ಯ ಇವನೇ ಎಂಬ ಅರ್ಥದ್ದು. ಪುಚ್ಚೀನಿ ಅದನ್ನು ಒಂದೇ ಕೆಳಸ್ವರದ ಮೇಲೆ ಬರೆದಿದ್ದಾರೆ. ರಾಗ ಎನ್ನುವಂಥದ್ದು ಅಲ್ಲಿಲ್ಲ. ಅನೇಕ ಗಾಯಕಿಯರು ಅದನ್ನು ನಾಟಕದ ಮಾತಿನಂತೆ ಕಿರುಚಿ ಬಿಡುತ್ತಾರೆ. ಕಾಲಾಸ್ ಕಂಠದಲ್ಲಿ ಅದು ಎದೆಯ ತಳದಿಂದ ಬರುತ್ತದೆ, ಮಾತಿಗೂ ಹಾಡಿಗೂ ನಡುವಿನ ಧ್ವನಿಯಲ್ಲಿ. ಅದರಲ್ಲಿ ದ್ವೇಷ ಇಳಿದು ಬೆರಗು ಏರುತ್ತಿರುವುದು ಕೇಳುತ್ತದೆ. ಈ ಒಂದು ಸಾಲಿನ ಮೇಲೆ ದೆ ಸಬಾತಾ ಅರ್ಧ ಗಂಟೆ ಕೆಲಸ ಮಾಡಿಸಿದರು, ಗೊಬ್ಬಿಯವರಿಂದ ಮೊದಲ ಅಂಕದ ಭಾಗವನ್ನು ಮೂವತ್ತು ಸಲ ಹಾಡಿಸಿದರು ಎಂದು ಲೆಗ್ ನೆನೆದುಕೊಂಡಿದ್ದಾರೆ. ಆ ಶ್ರಮ ಮುದ್ರಿಕೆಯಲ್ಲಿ ಶ್ರಮವಾಗಿ ಕೇಳುವುದಿಲ್ಲ. ಇಡೀ ಅಂಕ ಒಂದೇ ಉಸಿರಿನಲ್ಲಿ ಸಾಗಿದಂತಿದೆ.

ಹನ್ನೊಂದು ವರ್ಷದ ಮೇಲೆ ಕಾಲಾಸ್ ಮತ್ತು ಗೊಬ್ಬಿ ಪ್ಯಾರಿಸಿನಲ್ಲಿ ಮತ್ತೆ 'ಟೋಸ್ಕಾ' ಮುದ್ರಿಸಿದರು, ಜಾರ್ಜ್ ಪ್ರೆತ್ರ್ ನಿರ್ದೇಶನದಲ್ಲಿ. 1953ರದ್ದು ಮೋನೊ, ಇದು ಸ್ಟೀರಿಯೊ. ವಾದ್ಯಗಳು ಎಡಬಲಕ್ಕೆ ಹರಡಿ ನಿಲ್ಲುತ್ತವೆ, ಧ್ವನಿ ಹೊಸದರಲ್ಲೇ ಹೆಚ್ಚು ಚೊಕ್ಕ. ಕಾಲಾಸ್ ಕಂಠ ಮಾತ್ರ ಅಷ್ಟರಲ್ಲಿ ದಣಿದಿತ್ತು. ಮೇಲಿನ ಸ್ವರಗಳು ಅಲುಗಾಡುತ್ತವೆ. ಅದಕ್ಕಿಂತ ದೊಡ್ಡ ನಷ್ಟ ವಾದ್ಯವೃಂದದ್ದು. ಮೊದಲ ಅಂಕದ ಕೊನೆಯಲ್ಲಿ ಚರ್ಚಿನ ಗಂಟೆ, ಫಿರಂಗಿಯ ಸದ್ದು, ಪ್ರಾರ್ಥನೆಯ ಮೇಳಗಾನ ಒಂದರ ಮೇಲೊಂದು ಏರುತ್ತ ಹೋಗುವಾಗ ದೆ ಸಬಾತಾ ಹೆಜ್ಜೆಯನ್ನು ಚೂರೂ ಅವಸರಿಸದೆ ಕಟ್ಟುತ್ತಾರೆ. ಮೋನೊ ಆದರೂ ಎದೆ ಅದುರುತ್ತದೆ. ಪ್ಯಾರಿಸಿನದರಲ್ಲಿ ಸದ್ದು ದೊಡ್ಡದಿದೆ, ಕಟ್ಟಡ ಇಲ್ಲ. ಈ ಎರಡನ್ನೂ ಒಂದೇ ಸಂಜೆ ಕೇಳಿದವರಿಗೆ ಧ್ವನಿಯ ಗುಣಮಟ್ಟ ಬೇರೆ, ಸಂಗೀತದ ಗುಣ ಬೇರೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕತ್ತರಿಸಿ ಅಂಟಿಸುವುದು ಮೋಸವಲ್ಲವೇ ಎಂಬ ಪ್ರಶ್ನೆಯನ್ನು ಶಾಸ್ತ್ರೀಯ ಸಂಗೀತದ ಹಿರಿಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1966ರ ಲೇಖನವೊಂದರಲ್ಲಿ ಬಾಖ್‌ನ ಎ ಮೈನರ್ ಫ್ಯೂಗ್ ಒಂದರ ಸಂಗತಿ ಹೇಳುತ್ತಾರೆ. ಆರನೆಯ ಸಲ ನುಡಿಸಿದ್ದು ಗಂಭೀರವಾಗಿತ್ತು, ಎಂಟನೆಯದು ಉಲ್ಲಾಸದ್ದು. ಇಡಿಯಾಗಿ ಕೇಳಿದರೆ ಎರಡೂ ಏಕತಾನ. ಎರಡನ್ನೂ ಜೋಡಿಸಿದಾಗ ಯಾವುದೊಂದರಲ್ಲೂ ಇಲ್ಲದ ಆಕಾರ ಬಂತು. ನನಗೆ ಇದರಲ್ಲಿ ಮೋಸ ಕಾಣುವುದಿಲ್ಲ. ಅದು ವಾದಕರದೇ ತೀರ್ಮಾನ, ವಾದಕರದೇ ಕೈ. ವ್ಯಾಗ್ನರ್‌ನ 'ಟ್ರಿಸ್ಟಾನ್ ಉಂಡ್ ಇಸೋಲ್ಡ' ಒಪೆರಾದ 1952ರ ಮುದ್ರಿಕೆ ಇದಕ್ಕಿಂತ ಕಷ್ಟದ ಪ್ರಶ್ನೆ. ಲಂಡನ್ನಿನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದ ನುಡಿಸಿತು, ಇಸೋಲ್ಡ ಪಾತ್ರ ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರದು. ಎರಡನೆಯ ಅಂಕದ ಅತಿ ಎತ್ತರದ ಸ್ವರಗಳನ್ನು ಮಾತ್ರ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿಕೊಟ್ಟರು. ಸುದ್ದಿ ಹೊರಬಿದ್ದಾಗ ಗದ್ದಲವಾಯಿತು. ಅದನ್ನು ಕೇಳುಗರಿಂದ ಮುಚ್ಚಿಟ್ಟದ್ದು ತಪ್ಪೆಂದೇ ನಾನು ಹೇಳುತ್ತೇನೆ. ಆದರೆ ನಾಲ್ಕು ಗಂಟೆಯ ಆ ಮಹಾಪ್ರವಾಹದ ಬೆಲೆಯನ್ನು ಆ ಒಂದೆರಡು ಸ್ವರ ಕುಗ್ಗಿಸಲಾರವು. ಸಂಗೀತದಲ್ಲಿ ಸಂಪಾದನೆಯ ಬೆಸುಗೆ ಕೇಳುತ್ತದೆಯೇ, ಹರಿವು ತುಂಡಾಗಿದೆಯೇ ಎಂಬುದನ್ನು ನೋಡಿ. ಕಾಗದದ ಮೇಲಿನ ಮಾಹಿತಿ ತಿಳಿದ ಮೇಲೆ ಕಿವಿಯ ತೀರ್ಪನ್ನು ತಿದ್ದಿಕೊಳ್ಳುವುದು ಬೇಡ.

ಈಗ ನಮ್ಮ ಊರಿಗೆ ನೇರವಾಗಿ ಸೇರಿದ ಸಂಗತಿಗೆ ಬರುತ್ತೇನೆ. ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಾಲೂರಲು ಹಣದ ನೆರವು ಕೊಟ್ಟವರಲ್ಲಿ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಮುಖ್ಯರು. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದ ದೊರೆ ಪಿಯಾನೊ ಕಲಿತವರೂ ಹೌದು. ಮರೆವಿಗೆ ಸರಿಯುತ್ತಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸುವಂತಾದದ್ದು ಒಡೆಯರ್ ಅವರ ಹಣದಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ. ಮಾರುಕಟ್ಟೆಯಲ್ಲಿ ಓಡುವ ಕೃತಿಗಳಿಗೆ ಒಡೆಯರ್ ಹಣ ಹಾಕಲಿಲ್ಲ, ಮುದ್ರಿಕೆಯೇ ಇಲ್ಲದವಕ್ಕೆ ಹಾಕಿದರು. ರಸಿಕತೆಯೆಂದರೆ ಅದು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್ ಅವರ 'ನಾಲ್ಕು ಕೊನೆಯ ಹಾಡುಗಳು' ಮೊದಲ ಬಾರಿಗೆ ಕೇಳಿಬಂದವು. ಸ್ಟ್ರೌಸ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಹಾಡಿದ್ದು ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್, ವಾದ್ಯವೃಂದ ಅದೇ ಫಿಲ್‌ಹಾರ್ಮೋನಿಯಾ. ಆ ಕಾರ್ಯಕ್ರಮಕ್ಕೆ ಒಡೆಯರ್ 4,800 ಡಾಲರುಗಳ ಖಾತರಿ ಕೊಟ್ಟಿದ್ದರು, ಹಾಡುಗಳನ್ನು ಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬ ಆಸೆಯಿಂದ. ಆಗಲೇ ಅವರ ಸಂಗ್ರಹದಲ್ಲಿ ಸುಮಾರು 20,000 ಮುದ್ರಿಕೆಗಳಿದ್ದವು ಎಂದು ಅಂದಾಜು. ಆ ಮೊದಲ ಪ್ರಸ್ತುತಿಯ ಧ್ವನಿ ಉಳಿದು ಬಂದಿದೆ. ಕೇಳಿದರೆ ಚರಪರ ಸದ್ದು, ಗೋಡೆಯಾಚೆ ನುಡಿಯುತ್ತಿರುವಂತೆ ವಾದ್ಯವೃಂದ. ಅದರ ನಡುವಿನಿಂದ ಫ್ಲಾಗ್‌ಸ್ಟಾಡ್ ಅವರ ವಿಶಾಲ ಕಂಠ ಎದ್ದು ಬರುತ್ತದೆ.

ಈ ಹಾಡುಗಳಲ್ಲಿ ಕೊನೆಯದು 'ಇಮ್ ಆಬೆಂಡ್‌ರೋಟ್', ಸಂಜೆಗೆಂಪಿನ ಹಾಡು. ಬದುಕಿನುದ್ದಕ್ಕೂ ಕೈಹಿಡಿದು ನಡೆದ ಇಬ್ಬರು ಸಂಜೆ ಬೆಟ್ಟದ ಮೇಲೆ ನಿಂತಿದ್ದಾರೆ. ಎರಡು ಬಾನಾಡಿಗಳು ಮೇಲೇರುತ್ತವೆ, ಕೊಳಲುಗಳು ಆ ಹಕ್ಕಿಗಳ ದನಿಯನ್ನು ನುಡಿಸುತ್ತವೆ. ಕೊನೆಯಲ್ಲಿ ಗಾಯಕಿ ಸಾವಿನ ಮಾತೆತ್ತಿದ ಮೇಲೆ, ಸ್ಟ್ರೌಸ್ ಸುಮಾರು 60 ವರ್ಷ ಹಿಂದೆ ಯೌವನದಲ್ಲಿ ಬರೆದಿದ್ದ 'ಸಾವು ಮತ್ತು ರೂಪಾಂತರ' ಎಂಬ ಕೃತಿಯ ಎಳೆಯೊಂದು ವಾದ್ಯವೃಂದದಲ್ಲಿ ತಾನಾಗಿ ಮೂಡುತ್ತದೆ. ಲೀಸಾ ಡೆಲ್ಲಾ ಕಾಸಾ 1953ರಲ್ಲಿ ಕಾರ್ಲ್ ಬೋಮ್ ನಿರ್ದೇಶನದಲ್ಲಿ, ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಇದನ್ನು ಹಾಡಿ ಮುಗಿಸುವುದು ಸುಮಾರು ಆರು ನಿಮಿಷದಲ್ಲಿ. 1982ರಲ್ಲಿ ಜೆಸ್ಸೀ ನಾರ್ಮನ್, ಕುರ್ಟ್ ಮಜೂರ್ ನಿರ್ದೇಶನದ ಲೈಪ್‌ಜಿಗ್ ವಾದ್ಯವೃಂದದೊಂದಿಗೆ ತೆಗೆದುಕೊಳ್ಳುವುದು ಹೆಚ್ಚುಕಡಿಮೆ ಹತ್ತು ನಿಮಿಷ. ಸ್ವರಲಿಪಿ ಎರಡಕ್ಕೂ ಒಂದೇ.

ನಾರ್ಮನ್ ಅವರ ಕಂಠದ ಸಿರಿಯನ್ನು ಯಾರೂ ಅಲ್ಲಗಳೆಯಲಾರರು. ಒಂದೊಂದು ಸ್ವರವೂ ತುಂಬಿದ ಕೊಡ. ಆದರೆ ಆ ನಿಧಾನದಲ್ಲಿ ನಡೆಯುತ್ತಿದ್ದ ಇಬ್ಬರು ನಿಂತೇ ಬಿಡುತ್ತಾರೆ. ಸಾಲಿನ ಕೊನೆ ತಲುಪುವ ಹೊತ್ತಿಗೆ ಅದರ ಮೊದಲು ಮರೆತುಹೋಗುತ್ತದೆ. ಡೆಲ್ಲಾ ಕಾಸಾ ಹಾಡಿನಲ್ಲಿ ಕಂಠ ಅಷ್ಟು ದೊಡ್ಡದಲ್ಲ, ಬೆಳ್ಳಿಯಂತೆ ತೆಳ್ಳಗೆ, ನೇರ. ಬೋಮ್ ಹೆಜ್ಜೆಯನ್ನು ನಿಲ್ಲಗೊಡುವುದಿಲ್ಲ, ಆದ್ದರಿಂದ ಕೊನೆಯ ಪ್ರಶ್ನೆಯಲ್ಲಿ ಹೆಜ್ಜೆ ನಿಂತಾಗ ನಿಂತದ್ದು ತಿಳಿಯುತ್ತದೆ. 1973ರ ಗುಂಡುಲಾ ಯಾನೊವಿಟ್ಸ್ ಮುದ್ರಿಕೆಯಲ್ಲಿ ಕರಾಯಾನ್ ಬರ್ಲಿನ್ ವಾದ್ಯವೃಂದವನ್ನು ರೇಷ್ಮೆಯಂತೆ ಹಾಸಿದ್ದಾರೆ. ಕಂಠ ಅದರಲ್ಲಿ ಇನ್ನೊಂದು ವಾದ್ಯವಾಗಿ ಸೇರಿಹೋಗಿದೆ, ಮಾತು ಹಿಂದೆ ಉಳಿದಿದೆ. 1965ರಲ್ಲಿ ಜಾರ್ಜ್ ಸೆಲ್ ಜೊತೆ ಹಾಡಿದ ಶ್ವಾರ್ಟ್ಸ್‌ಕಾಫ್ ಇದಕ್ಕೆ ಪೂರ್ತಿ ಎದುರು: ಒಂದೊಂದು ಪದಕ್ಕೂ ಬೇರೆ ಬಣ್ಣ ಹಚ್ಚುತ್ತಾರೆ, ಕೆಲವು ಕಡೆ ಹಚ್ಚಿದ್ದು ಕಾಣುವಷ್ಟು.

ಫ್ಲಾಗ್‌ಸ್ಟಾಡ್ ಅವರದಕ್ಕೆ ಯಾವ ಸ್ಥಾನ ಕೊಡೋಣ? ಮೈಸೂರಿನವನಾಗಿ ಅದಕ್ಕೆ ಮೊದಲ ಸ್ಥಾನ ಕೊಡಲು ಮನಸ್ಸು ಎಳೆಯುತ್ತದೆ. ಹಾಗೆ ಕೊಟ್ಟರೆ ನಾನು ಇದುವರೆಗೆ ಹೇಳಿದ್ದಕ್ಕೆ ಅರ್ಥವಿರುವುದಿಲ್ಲ. ಚರಿತ್ರೆಯ ದಾಖಲೆಯಾಗಿ ಅದಕ್ಕೆ ಬೆಲೆ ಕಟ್ಟಲಾಗದು. ಕಂಠದ ಘನತೆ ಆ ಕೆಟ್ಟ ಧ್ವನಿಯಲ್ಲೂ ತಿಳಿಯುತ್ತದೆ. ಆದರೆ ಈ ಹಾಡುಗಳಲ್ಲಿ ಅರ್ಧದಷ್ಟು ಮಾತನ್ನು ವಾದ್ಯವೃಂದ ಆಡುತ್ತದೆ. ಇವುಗಳಲ್ಲೊಂದಾದ 'ಬೈಮ್ ಶ್ಲಾಫನ್‌ಗೇಹೆನ್' ಹಾಡಿನ ನಡುವೆ ಒಂಟಿ ಪಿಟೀಲು ನುಡಿಸಿ ಬಿಟ್ಟುಕೊಟ್ಟ ರಾಗವನ್ನೇ ಗಾಯಕಿ ಎತ್ತಿಕೊಳ್ಳಬೇಕು. ಪಿಟೀಲು ಸರಿಯಾಗಿ ಕೇಳದಿದ್ದರೆ ಆ ಹಸ್ತಾಂತರವೇ ಆಗದು. ಕಾಲಾಸ್‌ರ 'ಟೋಸ್ಕಾ'ದಲ್ಲಿ ಮೋನೊ ಧ್ವನಿ ಸಂಗೀತದ ಯಾವ ಮುಖ್ಯ ಅಂಗವನ್ನೂ ಕಸಿಯುವುದಿಲ್ಲ, ಇಲ್ಲಿ ಕಸಿಯುತ್ತದೆ. ಧ್ವನಿಯ ಗುಣಮಟ್ಟವನ್ನು ಗಣನೆಗೆ ತೆಗೆದುಕೊಳ್ಳಬೇಕಾದದ್ದು ಇಷ್ಟರ ಮಟ್ಟಿಗೆ. ಹಾಗಾಗಿ ನನ್ನ ತೀರ್ಪಿನಲ್ಲಿ ಡೆಲ್ಲಾ ಕಾಸಾ ಮೊದಲು.

ಧ್ವನಿಯನ್ನೇ ರಂಗಭೂಮಿ ಮಾಡಿದ ಒಂದು ಸಾಹಸವನ್ನಾದರೂ ಹೆಸರಿಸಬೇಕು. ಜಾನ್ ಕಲ್‌ಶಾ ನಿರ್ಮಾಣ, ಗೇಯಾರ್ಗ್ ಶೋಲ್ಟಿ ನಿರ್ದೇಶನದಲ್ಲಿ 1958ರಿಂದ 1965ರವರೆಗೆ ವಿಯೆನ್ನಾದ ಸೋಫಿಯೆನ್‌ಸಾಲ್‌ನಲ್ಲಿ ಮುದ್ರಿತವಾದ ವ್ಯಾಗ್ನರ್‌ನ 'ರಿಂಗ್' ಒಪೆರಾ ಸರಣಿ. ಅದರ ಭಾಗವಾದ 'ರೈನ್‌ಗೋಲ್ಡ್'ನಲ್ಲಿ ಪಾತಾಳದ ಕಮ್ಮಾರರಿಗಾಗಿ ವ್ಯಾಗ್ನರ್ 18 ಅಡಿಗಲ್ಲುಗಳನ್ನು ಕೇಳುತ್ತಾರೆ. ರಂಗಮಂದಿರಗಳು ಹೇಗೋ ಸುಧಾರಿಸಿಕೊಳ್ಳುತ್ತವೆ. ಕಲ್‌ಶಾ ಹದಿನೆಂಟನ್ನೂ ತರಿಸಿ ಹೊಡೆಸಿದರು. ಆ ದೃಶ್ಯ ಇವತ್ತಿಗೂ ನಡುಕ ಹುಟ್ಟಿಸುತ್ತದೆ. ಇದರ ದೋಷವೂ ಅಲ್ಲೇ ಇದೆ: ವಾದ್ಯವೃಂದ ಎಷ್ಟೋ ಕಡೆ ಹಾಡುವವರ ಮುಂದೆ ಬಂದು ನಿಲ್ಲುತ್ತದೆ. ಇದರಲ್ಲಿ ಹಾಡಿದ ಬಿರ್ಗಿಟ್ ನಿಲ್ಸನ್ ಅವರನ್ನು ರಂಗಮಂದಿರದಲ್ಲಿ ಕೇಳಿದವರು, ಆ ಕಂಠ ಯಾವ ಮುದ್ರಿಕೆಗೂ ಪೂರ್ತಿ ಸಿಕ್ಕಿಲ್ಲ ಎನ್ನುತ್ತಾರೆ. ಮೈಕ್ ಪುಟ್ಟ ಕಂಠವನ್ನು ದೊಡ್ಡದು ಮಾಡಬಲ್ಲದು, ದೊಡ್ಡದನ್ನು ಸಾಮಾನ್ಯ ಮಾಡಬಲ್ಲದು. ಒಪೆರಾ ಕಂಠದ ಗಾತ್ರವನ್ನು ಮುದ್ರಿಕೆಯಿಂದ ಅಳೆಯದಿರುವುದೇ ಸರಿ.

ಕೊಳ್ಳುವವರಿಗೆ, ಈಗ ಹೆಚ್ಚಾಗಿ ಮೊಬೈಲಿನಲ್ಲಿ ಕೇಳುವವರಿಗೆ, ಒಂದು ಮಾತು. ಒಂದೇ ಹಳೆಯ ಮುದ್ರಿಕೆ ಹತ್ತಾರು ಬಗೆಯಲ್ಲಿ ಮರುಸಂಸ್ಕರಣಗೊಂಡು ಸಿಗುತ್ತದೆ. ಟೇಪಿನ 'ಸ್ಸ್' ಸದ್ದನ್ನು ಪೂರ್ತಿ ಒರೆಸಿದವು ಮೊದಲ ಕೇಳ್ಮೆಗೆ ಹಿತ ಅನಿಸುತ್ತವೆ. ವಾದ್ಯವೃಂದ ಜೋರಾಗಿ ನುಡಿಸಿ ನಿಂತ ಕ್ಷಣವನ್ನು ಗಮನಿಸಿ. ಸಭಾಂಗಣದ ಅನುರಣನ ತಾನಾಗಿ ಕರಗಿದರೆ ಕೆಲಸ ಚೆನ್ನಾಗಿದೆ. ಕತ್ತರಿ ಹಾಕಿದಂತೆ ಮೌನ ಬಿದ್ದರೆ, ಸದ್ದಿನ ಜೊತೆ ಕಂಠದ ಮೇಲಿನ ಅನುರಣನವನ್ನೂ ಒರೆಸಿದ್ದಾರೆ ಎಂದು ತಿಳಿಯಿರಿ. ಕಾಲಾಸ್‌ರ ಸ್ಟುಡಿಯೊ ಮುದ್ರಿಕೆಗಳನ್ನು ಲಂಡನ್ನಿನ ಆಬಿ ರೋಡ್‌ನಲ್ಲಿ ಹೊಸದಾಗಿ ಸಂಸ್ಕರಿಸಿ 2014ರಲ್ಲಿ ಹೊರತಂದಿದ್ದಾರೆ. ಹುಡುಕುವಾಗ ಹಾಡಿದವರ ಹೆಸರು ಮಾತ್ರ ಸಾಲದು, ವರ್ಷವನ್ನೂ ನಿರ್ದೇಶಕರ ಹೆಸರನ್ನೂ ನೋಡಿ. ಕಾಲಾಸ್‌ರ 'ಟೋಸ್ಕಾ' ಎಂದರೆ ಯಾವುದು ಎಂದು ಕೇಳಬೇಕಾಗುತ್ತದೆ.

ಈ ದತ್ತಿಯ ವ್ಯವಸ್ಥಾಪಕರಲ್ಲಿ ಒಂದು ಕೋರಿಕೆ ಇಟ್ಟು ಮುಗಿಸುತ್ತೇನೆ. ವರ್ಷಕ್ಕೊಂದು ಭಾಷಣ ಸಾಲದು. ತಿಂಗಳಿಗೊಂದು ಸಂಜೆ ಇದೇ ಸಭಾಂಗಣದಲ್ಲಿ ಒಂದು ಹಾಡನ್ನೋ ಒಪೆರಾದ ಒಂದು ದೃಶ್ಯವನ್ನೋ ಆರಿಸಿ, ಮೂರು ಮುದ್ರಿಕೆಗಳನ್ನು ಹೆಸರು ಹೇಳದೆ ಕೇಳಿಸಿ. ಬಂದವರು ತಮಗನಿಸಿದ್ದನ್ನು ಎರಡು ಸಾಲು ಬರೆದುಕೊಳ್ಳಲಿ, ಆಮೇಲೆ ಹೆಸರು ತಿಳಿಸಿ. ಪಾಶ್ಚಾತ್ಯ ಸಂಗೀತ ಗೊತ್ತಿಲ್ಲ ಎನ್ನುವವರನ್ನು, ಅದರಲ್ಲೂ ಸಂಗೀತ ಕಾಲೇಜಿನ ಹುಡುಗರನ್ನು, ತಪ್ಪದೆ ಕರೆಯಿರಿ. ಮೊದಲ ಸಂಜೆಗೆ 'ಇಮ್ ಆಬೆಂಡ್‌ರೋಟ್' ಇಟ್ಟುಕೊಳ್ಳಿ. ಮುದ್ರಿಕೆಗಳನ್ನು ನಾನು ತಂದುಕೊಡುತ್ತೇನೆ.